ಕುಡಿತ ಬಿಡಿಸುವ ಸರ್ಕಾರಿ ಓಪಿಡಿ: ಐದಕ್ಕೆ ನಾಲ್ಕು ಸ್ಟಾರ್

ಹೋಂಸ್ಟೇಗೆ ಸ್ಟಾರ್ ಕೊಡುತ್ತಾರೆ, ಪಂದಿ ಕರಿ ಹೋಟೆಲಿಗೆ ಕೊಡುತ್ತಾರೆ, ಹೋಂ ಮೇಡ್ ವೈನ್ ಮಾರುವ ಅಂಗಡಿಗೂ ಕೊಡುತ್ತಾರೆ. ಕೊಡಗಿನಲ್ಲಿ ಕುಡಿತ ಬಿಡಿಸುವ ಜಾಗಕ್ಕೆ ಮಾತ್ರ ಯಾರೂ ನಾಲ್ಕು ಸಾಲು ಬರೆಯುವುದಿಲ್ಲ. ಬರೆದರೆ ಅಲ್ಲಿಗೆ ಹೋಗಿದ್ದೆ ಅಂತ ಒಪ್ಪಿಕೊಂಡ ಹಾಗಾಯಿತಲ್ಲ, ಅದಕ್ಕೆ. ನಾನು ಹೋಗಿದ್ದೆ. ಈಗಲೂ ತಿಂಗಳಿಗೊಮ್ಮೆ ಹೋಗುತ್ತೇನೆ.

ಜಾಗ ನಮ್ಮ ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆ, ಅದರ ಮಾನಸಿಕ ರೋಗ ವಿಭಾಗದ ಓಪಿಡಿ. ಯಾವ ಊರಿನದು ಅಂತ ಹಾಕುವುದಿಲ್ಲ. ಇದರಲ್ಲಿ ಬೈಯುವುದೂ ಇದೆ, ಅದನ್ನು ಓದಿ ಅಲ್ಲಿನ ಸಿಸ್ಟರ್ ಯಾರಿಗಾದರೂ ಮೆಮೋ ಬಂದರೆ ನನಗೆ ಊಟ ಸೇರುವುದಿಲ್ಲ. ನನ್ನ ಬಗ್ಗೆ ಇಷ್ಟು ಸಾಕು: ಸಿದ್ದಾಪುರ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್. ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ ಬರೆಯುವುದು, ಕೂಲಿ ಬಟವಾಡೆ ಮಾಡುವುದು, ಗೊಬ್ಬರದ ಲೆಕ್ಕ ಇಡುವುದು. ವಯಸ್ಸು 47. ಇಪ್ಪತ್ತೆರಡು ವರ್ಷ ಕುಡಿದೆ. ಈಗ ಹದಿನಾಲ್ಕು ತಿಂಗಳಿಂದ ಕುಡಿದಿಲ್ಲ.

ನಮ್ಮಲ್ಲಿ ಕುಡಿಯುವುದು ಕದ್ದು ಮಾಡುವ ಕೆಲಸ ಅಲ್ಲ. ಮದುವೆಗೆ ಇದೆ, ಕೈಲ್‌ಪೊಳ್ದ್ ಹಬ್ಬಕ್ಕೆ ಇದೆ, ಸುಗ್ಗಿಯ ಹುತ್ತರಿ ಹಬ್ಬಕ್ಕೆ ಇದೆ. ಕುಡಿಯದೆ ಕೂತವನನ್ನೇ "ಏನು, ಹುಷಾರಿಲ್ವಾ?" ಅಂತ ಕೇಳುತ್ತಾರೆ. ನಮ್ಮ ಮಾವ ಮಿಲಿಟರಿಯಿಂದ ರಿಟೈರ್ ಆದವರು, ಕ್ಯಾಂಟೀನ್ ಕೋಟಾದ ರಮ್ ತಿಂಗಳು ತಿಂಗಳು ಬರುತ್ತಿತ್ತು. ಅವರು ಸಂಜೆ ಎರಡು ಪೆಗ್ ಹಾಕಿ ಗ್ಲಾಸ್ ತೊಳೆದಿಡುವ ಮನುಷ್ಯ. ಉಳಿದದ್ದು ನನ್ನ ಪಾಲು. ನಮ್ಮಪ್ಪನದು ಪ್ಯಾಕೆಟ್ ಸಾರಾಯಿ ಕಾಲ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಾಗ ಅಮ್ಮ ದೇವರಿಗೆ ಕಾಯಿ ಒಡೆದಿದ್ದಳು, ಪಾಪ. ಆ ಪ್ಯಾಕೆಟ್ ಹೋಯಿತು, 90 ಎಂಎಲ್‌ನ ಟೆಟ್ರಾ ಪ್ಯಾಕೆಟ್ ಬಂತು. ಮಗನ ಜೇಬಿಗೆ ಅದು ಇನ್ನೂ ಸಲೀಸಾಗಿ ಹಿಡಿಸುತ್ತಿತ್ತು.

ಮತ್ತೆ ಈ "ಚಳಿಗೆ ಸ್ವಲ್ಪ" ಅನ್ನುವ ಮಾತು. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಸುರಿಯುವ ಮಳೆ ನೋಡಿದವರು ಯಾರೂ ಇದಕ್ಕೆ ಎದುರು ಮಾತಾಡುವುದಿಲ್ಲ. ಡಾಕ್ಟರ್ ಹೇಳಿದ ಮೇಲೆ ಗೊತ್ತಾಯಿತು, ಇದು ಪೂರ್ತಿ ಉಲ್ಟಾ ಅಂತ. ಕುಡಿದಾಗ ಚರ್ಮದ ಕೆಳಗಿನ ರಕ್ತನಾಳ ಹಿಗ್ಗುತ್ತದೆ, ಒಳಗಿನ ಬಿಸಿ ರಕ್ತ ಹೊರಗೆ ಬರುತ್ತದೆ, ಮೈ ಬೆಚ್ಚಗಾಯಿತು ಅನಿಸುತ್ತದೆ, ಆದರೆ ಅಷ್ಟೊತ್ತಿಗೆ ಒಳಗಿನ ಶಾಖ ಗಾಳಿಗೆ ಹೋಗಿರುತ್ತದೆ. ನಾನು ಮಳೆಯಲ್ಲಿ ನೆನೆದು ಬಂದ ಆಳುಗಳಿಗೆ ಚಳಿಗೆ ಅಂತ ಕೈಯಾರೆ ನೈಂಟಿ ಹಂಚಿದ್ದೇನೆ. ಆಮೇಲೆ ಬಟವಾಡೆಯಲ್ಲಿ ಹಿಡಿದುಕೊಂಡಿದ್ದೇನೆ. ಆ ಲೆಕ್ಕ ನನ್ನ ಅಕ್ಷರದಲ್ಲೇ ಇದೆ.

ಕೊನೆಕೊನೆಗೆ ದಿನಕ್ಕೆ ಒಂದೂವರೆ ಕ್ವಾರ್ಟರ್. ಜಾಸ್ತಿ ಅಂತ ನನಗೆ ಅನಿಸುತ್ತಿರಲಿಲ್ಲ, ನನಗಿಂತ ಜಾಸ್ತಿ ಕುಡಿಯುವವರು ತುಂಬಾ ಜನ ಇದ್ದರು. ಡಾಕ್ಟರುಗಳ ಲೆಕ್ಕ ಬೇರೆ. 10 ಗ್ರಾಂ ಶುದ್ಧ ಆಲ್ಕೋಹಾಲ್ ಅಂದರೆ ಒಂದು ಡ್ರಿಂಕ್. 30 ಎಂಎಲ್ ವಿಸ್ಕಿ ಅಥವಾ ರಮ್ ಅಂದರೆ ಹತ್ತಿರ ಹತ್ತಿರ ಅಷ್ಟೇ. ಹಾಗಾಗಿ 180 ಎಂಎಲ್‌ನ ಒಂದು ಕ್ವಾರ್ಟರ್ ಅಂದರೆ ಆರು ಡ್ರಿಂಕ್, ನನ್ನದು ದಿನಕ್ಕೆ ಒಂಬತ್ತು. "ನಾನು ಬರೀ ಬೀರ್ ಸರ್" ಅನ್ನುವವರೂ ಕೇಳಿ, 8 ಪರ್ಸೆಂಟ್‌ನ ಸ್ಟ್ರಾಂಗ್ ಬೀರ್ 650 ಎಂಎಲ್ ಬಾಟಲಿ ಒಂದರಲ್ಲೇ ನಾಲ್ಕು ಡ್ರಿಂಕ್ ಇದೆ.

ನನಗೆ ಬುದ್ಧಿ ಬಂದಿದ್ದು ಲಿವರ್‌ನಿಂದ ಅಲ್ಲ, ಚೆಕ್‌ರೋಲಿನಿಂದ. ಬೆಳಿಗ್ಗೆ ಏಳೂವರೆಗೆ ಹಾಜರಿ ಹಾಕಲು ಪೆನ್ನು ಹಿಡಿದರೆ ಕೈ ನಡುಗುತ್ತಿತ್ತು. ಒಂದು ನೈಂಟಿ ಹಾಕಿದರೆ ನಿಲ್ಲುತ್ತಿತ್ತು. ಸಾಹುಕಾರರು ಒಂದು ದಿನ ಪುಸ್ತಕ ನೋಡಿ "ಇದು ಯಾರ ಅಕ್ಷರ?" ಅಂದರು. ಬೈಯಲಿಲ್ಲ, ನಿಜವಾಗಿ ಕೇಳಿದ್ದು. ಅವರು ಕೇಳಿದ ರೀತಿಗೆ ನನಗೆ ನಾಚಿಕೆಯಾಯಿತು.

ಈ ಓಪಿಡಿಗೆ ಬರುವ ಮುಂಚೆ ಮೂರು ಕಡೆ ದುಡ್ಡು, ಮಾನ ಕಳೆದಿದ್ದೇನೆ. ಅದನ್ನು ಹೇಳದೆ ಇದಕ್ಕೆ ಯಾಕೆ ನಾಲ್ಕು ಸ್ಟಾರ್ ಅಂತ ತಿಳಿಯುವುದಿಲ್ಲ.

ಮೊದಲನೆಯದು ಖರ್ಚಿಲ್ಲದ್ದು, ಮನಸ್ಸು ಗಟ್ಟಿ ಮಾಡುವುದು. ಕಾಫಿ ಕುಯ್ಲು ಮುಗಿದ ಫೆಬ್ರವರಿಯಲ್ಲಿ ಒಂದು ದಿನ ಎಲ್ಲ ಬಾಟಲಿ ತೊಟ್ಟಿಗೆ ಹಾಕಿ, ಇನ್ನು ಮುಟ್ಟುವುದಿಲ್ಲ ಅಂತ ಹೆಂಡತಿ ಮುಂದೆ ಆಣೆ ಮಾಡಿದೆ. ಮೊದಲ ದಿನ ಬೆವರು, ವಾಂತಿ. ಎರಡನೇ ರಾತ್ರಿ ನಿದ್ದೆ ಇಲ್ಲ. ಮೂರನೇ ರಾತ್ರಿ ಕಂಬಳಿ ತುಂಬಾ ಜಿಗಣೆ. ಒಂದೆರಡಲ್ಲ, ನೂರಾರು, ಕಾಲಿನಿಂದ ಹತ್ತುತ್ತಿವೆ. ನಾನು ಉಪ್ಪು ತಾ, ಸುಣ್ಣ ತಾ ಅಂತ ಕೂಗುತ್ತಿದ್ದೆನಂತೆ. ಫೆಬ್ರವರಿಯಲ್ಲಿ ಎಲ್ಲಿಯ ಜಿಗಣೆ? ನೆಲ ಒಣಗಿ ಬಿರುಕು ಬಿಟ್ಟಿರುತ್ತದೆ. ಹೆಂಡತಿ ಪಕ್ಕದ ಮನೆಯವರ ಜೀಪಿನಲ್ಲಿ ಹತ್ತಿರದ ಒಂದು ಆಸ್ಪತ್ರೆಗೆ ಹಾಕಿಕೊಂಡು ಹೋದಳು. ದಾರಿಯಲ್ಲಿ ಫಿಟ್ಸ್ ಬಂತು. ಅಲ್ಲಿ ಬದುಕಿಸಿದರು, ನಾಲ್ಕು ದಿನ ಇಟ್ಟುಕೊಂಡರು, "ಇನ್ನು ಕುಡಿಯಬೇಡಿ" ಅಂತ ಹೇಳಿ ಮನೆಗೆ ಕಳಿಸಿದರು. ಮುಂದೆ ಎಲ್ಲಿಗೆ ಹೋಗಬೇಕು ಅಂತ ಒಬ್ಬರೂ ಹೇಳಲಿಲ್ಲ. ಹನ್ನೊಂದನೇ ದಿನಕ್ಕೆ ಮತ್ತೆ ಶುರು.

ಇದನ್ನು ದಯವಿಟ್ಟು ಗಮನ ಇಟ್ಟು ಓದಿ. ತುಂಬಾ ವರ್ಷ ದಿನಾ ಕುಡಿದವರು ಮನೆಯಲ್ಲಿ ಒಮ್ಮೆಲೇ ನಿಲ್ಲಿಸಬಾರದು. ಓಪಿಡಿ ಡಾಕ್ಟರ್ ನನಗೆ ಇದನ್ನು ಸಂಪಾಜೆ ಘಾಟಿ ಇಳಿಯುವ ಲಾರಿಯ ಉದಾಹರಣೆ ಕೊಟ್ಟು ಹೇಳಿದರು. ಮದ್ಯ ಮೆದುಳಿಗೆ ಬ್ರೇಕ್ ಒತ್ತುತ್ತದೆ. ವರ್ಷಗಟ್ಟಲೆ ಬ್ರೇಕ್ ಒತ್ತಿಯೇ ಇದ್ದರೆ ಮೆದುಳು ಗಾಡಿ ಓಡಬೇಕಲ್ಲ ಅಂತ ತಾನೇ ಆಕ್ಸಿಲರೇಟರ್ ತುಳಿಯುತ್ತಾ ಹೋಗುತ್ತದೆ. ಒಂದು ದಿನ ನೀವು ಬ್ರೇಕ್ ತಟ್ಟನೆ ಬಿಟ್ಟರೆ? ಘಾಟಿಯಲ್ಲಿ ಲಾರಿ ಹೋದ ಹಾಗೆ ಹೋಗುತ್ತದೆ. ಕೊನೆಯ ಗ್ಲಾಸ್ ಆದ ಆರು ಗಂಟೆಯಿಂದ ನಡುಕ, ಬೆವರು ಶುರು. ಫಿಟ್ಸ್ ಬರುವುದಿದ್ದರೆ ಹೆಚ್ಚಾಗಿ ಮೊದಲ ಎರಡು ದಿನದಲ್ಲಿ. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ದಿಕ್ಕು ತಪ್ಪುತ್ತದೆ, ಇಲ್ಲದ್ದೆಲ್ಲ ಕಾಣುತ್ತದೆ, ಹುಳ ಹುಪ್ಪಟೆ ಕಾಣುವುದು ತುಂಬಾ ಮಾಮೂಲು. ಇದಕ್ಕೆ ಡಿಲೀರಿಯಂ ಟ್ರೆಮೆನ್ಸ್ ಅಂತ ಹೆಸರು. ಚಿಕಿತ್ಸೆ ಕೊಡದಿದ್ದರೆ ಜೀವಕ್ಕೇ ಅಪಾಯ. ನಮ್ಮೂರಲ್ಲಿ "ಕುಡಿತ ಬಿಟ್ಟ, ಅದಕ್ಕೇ ಸತ್ತ" ಅಂತ ಹೇಳುವುದಿದೆ, ಅದು ಗಾಳಿಮಾತು ಅಂದುಕೊಂಡಿದ್ದೆ.

ಎರಡನೆಯದು ಪುಡಿ. ಅತ್ತಿಗೆ ಫೋನಿನಲ್ಲಿ ಜಾಹೀರಾತು ನೋಡಿ ತರಿಸಿದ್ದು, "ರೋಗಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ". ಡಬ್ಬಿಗೆ ಎರಡು ಸಾವಿರದ ಮುನ್ನೂರು. ಒಂದು ಸಂಜೆ ಸಾರು ಅನ್ನ ಉಂಡು ಆಮೇಲೆ ಕುಡಿದೆ. ಮುಖ ಕೆಂಡ, ಎದೆ ಡಬಡಬ, ವಾಂತಿ, ಸತ್ತೇ ಹೋಗುತ್ತೇನೆ ಅಂತ ಅನಿಸಿತು. ಡಬ್ಬಿಯ ಮೇಲೆ ಒಳಗೆ ಏನಿದೆ ಅಂತ ಬರೆದೇ ಇರಲಿಲ್ಲ. ಓಪಿಡಿಯಲ್ಲಿ ಹೇಳಿದಾಗ ಡಾಕ್ಟರ್ ತಲೆ ಚಚ್ಚಿಕೊಂಡರು, ಡೈಸಲ್ಫಿರಾಂ ಇದ್ದಿರಬಹುದು ಅಂದರು. ಅದು ನಿಜವಾದ ಔಷಧಿಯೇ. 1948ರಲ್ಲಿ ಡೆನ್ಮಾರ್ಕಿನಲ್ಲಿ ಇದರ ಗುಣ ಗೊತ್ತಾಯಿತು. ಮದ್ಯ ಒಡೆದಾಗ ಅಸಿಟಾಲ್ಡಿಹೈಡ್ ಅನ್ನುವ ವಿಷ ಬರುತ್ತದೆ, ದೇಹ ಅದನ್ನು ಮುಂದೆ ಸಾಗಿಸದ ಹಾಗೆ ಈ ಮಾತ್ರೆ ತಡೆಯುತ್ತದೆ, ವಿಷ ಅಲ್ಲೇ ತುಂಬಿಕೊಳ್ಳುತ್ತದೆ. ಮಾತ್ರೆ ತಿಂದವನಿಗೆ ಇದು ಗೊತ್ತಿದ್ದರೆ ಹೆದರಿ ಕುಡಿಯುವುದಿಲ್ಲ, ಕೆಲಸ ಮಾಡುವುದೇ ಆ ಹೆದರಿಕೆ. ಗೊತ್ತಿಲ್ಲದೆ ತಿನ್ನಿಸಿದರೆ ಹೆದರಿಕೆ ಎಲ್ಲಿಂದ ಬರಬೇಕು? ಹೃದಯ ಸರಿ ಇಲ್ಲದವನಾಗಿದ್ದರೆ ಹೋಗಿಯೇ ಬಿಡುತ್ತಾನೆ. ಅತ್ತಿಗೆ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಒಂದು ತಿಂಗಳು ಮನೆಯ ಊಟ ಮುಟ್ಟಲು ಹೆದರಿಕೆಯಾಗಿ ಬಾರ್‌ನಲ್ಲೇ ತಿಂದೆ. ಪುಡಿಯಿಂದ ಸಿಕ್ಕ ಫಲ ಇದು. ಸೊನ್ನೆ ಸ್ಟಾರ್.

ಮೂರನೆಯದು ಜಿಲ್ಲೆಯ ಹೊರಗಿನ ಒಂದು ಖಾಸಗಿ ಡೀ ಅಡಿಕ್ಷನ್ ಸೆಂಟರ್. ಆಷಾಢದ ಮಳೆಯಲ್ಲಿ ರಾತ್ರಿ ಹನ್ನೊಂದಕ್ಕೆ ವ್ಯಾನ್ ಬಂತು, ನಾಲ್ಕು ಜನ ಇಳಿದರು, ಲುಂಗಿಯಲ್ಲಿ ಇದ್ದವನನ್ನು ಹಾಗೆಯೇ ಎತ್ತಿಕೊಂಡು ಹೋದರು. "ಪಿಕಪ್ ಚಾರ್ಜ್" ಅಂತ ಬಿಲ್‌ನಲ್ಲಿ ಬೇರೆ ಹಾಕಿದ್ದರು! 45 ದಿನ. ತೋಟದ ಸೊಸೈಟಿಯಿಂದ ಸಾಲ ಮಾಡಿ ಹೆಂಡತಿ ಅರವತ್ತು ಸಾವಿರ ಕಟ್ಟಿದಳು. ಅಲ್ಲಿ ಡಾಕ್ಟರ್ ಅಂತ ಒಬ್ಬರನ್ನು ನಾನು ಒಂದೇ ಸಲ ನೋಡಿದ್ದು. ಹಳೇ ಪೇಷಂಟ್‌ಗಳೇ ಕಾವಲು, ಎದುರು ಮಾತಾಡಿದರೆ ಪೆಟ್ಟು, ಫೋನ್ ಇಲ್ಲ, ಬಾಗಿಲಿಗೆ ಹೊರಗಿನಿಂದ ಬೀಗ. ನಡುಕ ಬಂದವರಿಗೆ ಒಂದು ಮಾತ್ರೆ, ಏನು ಅಂತ ಕೇಳುವ ಹಾಗಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಕುಡಿತದ ಚಿಕಿತ್ಸೆಗೂ ಅನ್ವಯಿಸುತ್ತದೆ, ಇಂಥ ಕೇಂದ್ರ ನೋಂದಣಿ ಆಗಿರಬೇಕು, ರೋಗಿಯನ್ನು ಸರಪಳಿ ಹಾಕಿ ಕಟ್ಟುವ ಹಾಗಿಲ್ಲ, ಮನೆಯವರ ಜೊತೆ ಮಾತಾಡುವ ಹಕ್ಕು ಅವನಿಗಿದೆ. ಇದೆಲ್ಲ ನನಗೆ ಆಮೇಲೆ ಗೊತ್ತಾಗಿದ್ದು. ನಿಮ್ಮ ಮನೆಯವರನ್ನು ಎಲ್ಲಿಗಾದರೂ ಸೇರಿಸುವ ಮುಂಚೆ ನೋಂದಣಿ ಪತ್ರ ತೋರಿಸಿ ಅನ್ನಿ, ಸೈಕಿಯಾಟ್ರಿಸ್ಟ್ ವಾರಕ್ಕೆ ಎಷ್ಟು ದಿನ ಬರುತ್ತಾರೆ ಕೇಳಿ, ನಾನು ಬಂದು ನೋಡಬಹುದಾ ಅಂತ ಕೇಳಿ. ಮೂರನೇ ಪ್ರಶ್ನೆಗೆ ತಡವರಿಸಿದರೆ ವಾಪಸ್ ಬನ್ನಿ.

ಆಗಸ್ಟ್ ಕೊನೆಗೆ ಹೊರಗೆ ಬಂದೆ. ಮೈಯಲ್ಲಿ ಒಂದು ಹನಿ ಇಲ್ಲ, ತೂಕ ಕೂಡ ಏರಿತ್ತು. ಎಲ್ಲರಿಗೂ ಖುಷಿ. ಸೆಪ್ಟೆಂಬರ್ 3 ಕೈಲ್‌ಪೊಳ್ದ್. ಆ ರಾತ್ರಿಯೇ ಕುಡಿದೆ. 45 ದಿನ ಬೀಗ ಹಾಕಿ ಇಟ್ಟವರು ಬೀಗ ತೆಗೆದ ಮೇಲೆ ಏನು ಮಾಡಬೇಕು ಅಂತ ಒಂದು ಮಾತು ಹೇಳಿರಲಿಲ್ಲ. ಒಂದು ಫೋನ್ ಕೂಡ ಬರಲಿಲ್ಲ. ಬಂತು, ಸುಳ್ಳು ಹೇಳಬಾರದು, ಬಾಕಿ ಮೂರು ಸಾವಿರ ಕಟ್ಟಿ ಅಂತ ಬಂತು.

ಈಗ ಓಪಿಡಿ.

ಇಲ್ಲಿಗೆ ದಾರಿ ತೋರಿಸಿದ್ದು ಒಂದು ಫೋನ್ ನಂಬರ್. ಅಕ್ಟೋಬರ್‌ನ ಒಂದು ರಾತ್ರಿ ಎರಡು ಗಂಟೆಗೆ ಹೆಂಡತಿ 14416ಕ್ಕೆ ಮಾಡಿದಳು. ಅದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು, ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೆ ಮುಖ್ಯ ಕೇಂದ್ರ. ಆ ಹೊತ್ತಲ್ಲಿ ಕನ್ನಡದಲ್ಲೇ ಮಾತಾಡಿದರು, ದುಡ್ಡಿಲ್ಲ. ಬರೀ ಕುಡಿತಕ್ಕೆ, ಡ್ರಗ್ಸ್‌ಗೆ ಅಂತಲೇ 14446 ಅನ್ನುವ ಇನ್ನೊಂದು ಸಹಾಯವಾಣಿಯೂ ಇದೆ. ಟೆಲಿ ಮಾನಸ್‌ನವರು ಹೇಳಿದ್ದು ಇಷ್ಟು: ನಾಳೆ ಕುಡಿತ ನಿಲ್ಲಿಸಬೇಡಿ, ನಾಳೆ ಆಸ್ಪತ್ರೆಗೆ ಕರೆದುಕೊಂಡು ಬನ್ನಿ. ಹೆಂಡತಿಗೆ ಇದು ವಿಚಿತ್ರ ಅನಿಸಿತಂತೆ. ನನಗೆ ಮಾತ್ರ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಯಾರೋ ವಿಷಯ ಗೊತ್ತಿರುವವರು ಮಾತಾಡಿದರು ಅನಿಸಿತು.

ಓಪಿಡಿ ಚೀಟಿಗೆ ಕೊಟ್ಟಿದ್ದು ಬಸ್ ಚಾರ್ಜಿಗಿಂತ ಕಮ್ಮಿ. ಡಾಕ್ಟರ್ ಮುಖ ನೋಡಿ ಮೂಗು ಹಿಡಿಯಲಿಲ್ಲ, ನಾನು ವಾಸನೆ ಬರುತ್ತಲೇ ಹೋಗಿದ್ದೆ. ಹತ್ತು ಪ್ರಶ್ನೆಯ ಒಂದು ಹಾಳೆ ತೆಗೆದರು. ಆಡಿಟ್ ಅಂತ ಅದರ ಹೆಸರು, ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ್ದು. ಎಷ್ಟು ಸಲ ಕುಡಿಯುತ್ತೀರಿ, ಶುರು ಮಾಡಿದರೆ ನಿಲ್ಲಿಸಲು ಆಗುತ್ತದಾ, ಬೆಳಿಗ್ಗೆ ಎದ್ದ ಕೂಡಲೇ ಬೇಕಾ, ಹಿಂದಿನ ರಾತ್ರಿ ಆಗಿದ್ದು ಮರೆತುಹೋಗಿದೆಯಾ, ಮನೆಯವರು ಯಾರಾದರೂ ಕಮ್ಮಿ ಮಾಡು ಅಂದಿದ್ದಾರಾ. 40ಕ್ಕೆ ಅಂಕ. 8 ಮುಟ್ಟಿದರೆ ಎಚ್ಚರಿಕೆ, 20 ಮುಟ್ಟಿದರೆ ಚಟಕ್ಕೆ ಬಿದ್ದಿರುವ ಸಾಧ್ಯತೆ ಜಾಸ್ತಿ. ನನಗೆ 31 ಬಂತು. ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ ಇಷ್ಟು ಬಂದಿರಲಿಲ್ಲ.

ರಕ್ತ ಪರೀಕ್ಷೆ, ಸ್ಕ್ಯಾನಿಂಗ್. ಜಿಜಿಟಿ ಅನ್ನುವ ಲಿವರ್ ಪರೀಕ್ಷೆಯ ಲೆಕ್ಕ ಏರಿತ್ತು, ಲಿವರ್‌ನಲ್ಲಿ ಕೊಬ್ಬು, ಬಿಪಿ ಕೂಡ ಜಾಸ್ತಿ. ಲಿವರ್ ಕೆಡುವುದು ಮೆಟ್ಟಿಲು ಮೆಟ್ಟಿಲಾಗಿ ಅಂತ ಡಾಕ್ಟರ್ ಚೀಟಿ ಹಿಂದೆ ಚಿತ್ರ ಬರೆದು ತೋರಿಸಿದರು. ಮೊದಲು ಕೊಬ್ಬು, ಆಮೇಲೆ ಊತ, ಆಮೇಲೆ ಗಾಯದ ಗಂಟು, ಅದೇ ಸಿರೋಸಿಸ್. ಮೊದಲನೇ ಮೆಟ್ಟಿಲಿನಿಂದ ಪೂರ್ತಿ ವಾಪಸ್ ಬರಬಹುದು, ಕೆಲವು ವಾರ ಕುಡಿಯದಿದ್ದರೆ ಕೊಬ್ಬು ಕರಗುತ್ತಾ ಬರುತ್ತದೆ. ಮೂರನೆಯದರಿಂದ ಹಿಂದೆ ಬರುವುದು ಕಷ್ಟ. "ನೀವು ಎಲ್ಲಿದ್ದೀರಿ ಅಂದರೆ ಇಲ್ಲಿ" ಅಂತ ಪೆನ್ನಿನಿಂದ ಒಂದು ಚುಕ್ಕಿ ಇಟ್ಟರು. ಆ ಚೀಟಿ ಇನ್ನೂ ಪರ್ಸಿನಲ್ಲಿದೆ.

ನಾನು ಬುದ್ಧಿವಂತಿಕೆ ಮಾಡಿದೆ. ರಮ್ ಬಿಟ್ಟು ನಮ್ಮ ಹೋಂ ಮೇಡ್ ವೈನ್ ಕುಡಿದರೆ ಹೇಗೆ ಸರ್, ಹಣ್ಣಿನದಲ್ವಾ? ಅವರು ನಕ್ಕರು. ಹಣ್ಣಿನದಾದರೂ ಒಳಗಿರುವುದು ಅದೇ ಆಲ್ಕೋಹಾಲ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1988ರಲ್ಲೇ ಮದ್ಯವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ, ಬೀಡಿ ಸಿಗರೇಟಿನ ಹೊಗೆ ಇರುವ ಗುಂಪು ಅದು. ಬಾಯಿ, ಗಂಟಲು, ಅನ್ನನಾಳ, ಲಿವರ್, ದೊಡ್ಡ ಕರುಳು, ಹೆಂಗಸರಲ್ಲಿ ಸ್ತನ. ಇಷ್ಟು ಕುಡಿದರೆ ಏನೂ ಆಗುವುದಿಲ್ಲ ಅನ್ನುವ ಅಳತೆಯೇ ಇಲ್ಲ ಅಂತ 2023ರಲ್ಲಿ ಅದೇ ಸಂಸ್ಥೆ ಹೇಳಿತು. ಮಾವನಿಗೆ ಇದನ್ನು ಹೇಳಿದೆ. "ನನಗೆ ಎಪ್ಪತ್ತೆಂಟಾಯ್ತು, ಇನ್ನೇನು ಆಗಬೇಕು" ಅಂದರು. ಆದರೆ ಕೋಟಾ ಬಾಟಲಿ ಈಗ ಬೀರುವಿನಲ್ಲಿ, ಬೀಗ ಹಾಕಿ ಇಡುತ್ತಾರೆ. ನನಗೋಸ್ಕರ ಅಂತ ಹೇಳಿಲ್ಲ.

ಏಳು ದಿನ ಅಡ್ಮಿಟ್ ಮಾಡಿದರು. ಸೆಂಟರ್‌ನ 45 ದಿನಕ್ಕೂ ಇಲ್ಲಿಯ ಏಳು ದಿನಕ್ಕೂ ಇದ್ದ ವ್ಯತ್ಯಾಸ ಮೊದಲ ರಾತ್ರಿಯೇ ಗೊತ್ತಾಯಿತು. ಕ್ಲೋರ್‌ಡಯಾಜೆಪಾಕ್ಸೈಡ್ ಅನ್ನುವ ಮಾತ್ರೆ ಕೊಟ್ಟರು, ಹೆಸರು ಕೇಳಿದೆ, ಬರೆದೇ ಕೊಟ್ಟರು. ಮದ್ಯ ಒತ್ತುತ್ತಿದ್ದ ಅದೇ ಬ್ರೇಕನ್ನು ಇದು ಮೆತ್ತಗೆ ಒತ್ತುತ್ತದೆ, ದಿನಾ ಸ್ವಲ್ಪ ಸ್ವಲ್ಪ ಕಮ್ಮಿ ಮಾಡಿ ವಾರದೊಳಗೆ ನಿಲ್ಲಿಸುತ್ತಾರೆ. ಲಿವರ್ ತುಂಬಾ ಕೆಟ್ಟವರಿಗೆ ಲೊರಾಜೆಪಾಮ್ ಅಂತೆ. ಇದನ್ನು ನೀವೇ ಮೆಡಿಕಲ್‌ನಲ್ಲಿ ತಗೊಂಡು ನುಂಗುವ ಹಾಗಿಲ್ಲ, ಅದರದೇ ಬೇರೆ ಚಟ ಹಿಡಿಯುತ್ತದೆ, ಕುಡಿತದ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು. ಜೊತೆಗೆ ಥಯಮಿನ್ ಇಂಜೆಕ್ಷನ್, ಅಂದರೆ ಬಿ1 ವಿಟಮಿನ್. ನಮ್ಮ ಕಡೆ ಕುಡಿದು ಬಿದ್ದವನಿಗೆ ಮೊದಲು ಒಂದು ಗ್ಲೂಕೋಸ್ ಬಾಟಲಿ ಏರಿಸುವುದು ರೂಢಿ ಅಲ್ವಾ. ಊಟ ಬಿಟ್ಟು ಕುಡಿದವರ ಮೈಯಲ್ಲಿ ಬಿ1 ಖಾಲಿಯಾಗಿರುತ್ತದೆ, ಅದನ್ನು ಕೊಡದೆ ಬರೀ ಗ್ಲೂಕೋಸ್ ಹಾಕಿದರೆ ಮೆದುಳಿಗೆ ಪೆಟ್ಟಾಗಬಹುದು. ಕಣ್ಣು ಓಲಾಡುತ್ತದೆ, ನಡಿಗೆ ತಪ್ಪುತ್ತದೆ, ಕೆಲವರಿಗೆ ಆಮೇಲೆ ನೆನಪೇ ನಿಲ್ಲುವುದಿಲ್ಲ. ಒಂದು ಅಗ್ಗದ ಇಂಜೆಕ್ಷನ್‌ನಿಂದ ತಪ್ಪುವ ಕಷ್ಟ. ಈ ಸಲ ಜಿಗಣೆ ಬರಲಿಲ್ಲ. ವಾರ್ಡಿನ ಉಪ್ಪಿಟ್ಟಿನ ಬಗ್ಗೆ ಮಾತಾಡುವುದು ಬೇಡ.

ಡಿಸ್ಚಾರ್ಜ್ ದಿನ ಡಾಕ್ಟರ್ ಹೇಳಿದ ಮಾತು: "ಇಷ್ಟು ದಿನ ಮಾಡಿದ್ದು ಬರೀ ನೆಲ ಗುಡಿಸಿದ ಹಾಗೆ. ಚಿಕಿತ್ಸೆ ಈಗ ಶುರು." ಆಸೆ ಕಮ್ಮಿ ಮಾಡಲು ಮಾತ್ರೆ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ನಾಲ್ಟ್ರೆಕ್ಸೋನ್ ಅಂತ ಒಂದು, ಕುಡಿದಾಗ ಸಿಗುವ ಮಜಾ ಕಮ್ಮಿ ಮಾಡುತ್ತದೆ. ಅಕಾಂಪ್ರೊಸೇಟ್ ಅಂತ ಇನ್ನೊಂದು, ಬಿಟ್ಟ ಮೇಲಿನ ಚಡಪಡಿಕೆ ತಗ್ಗಿಸುತ್ತದೆ, ಲಿವರ್‌ಗೆ ತೊಂದರೆ ಇಲ್ಲ, ಕಿಡ್ನಿ ಮಾತ್ರ ಸರಿ ಇರಬೇಕು. ನನಗೆ ಎರಡನೆಯದು. ಹೊತ್ತಿಗೆ ಎರಡರಂತೆ ಮೂರು ಹೊತ್ತು, ದಿನಕ್ಕೆ ಆರು ಮಾತ್ರೆ. ನೆನಪಿಟ್ಟು ನುಂಗುವುದೇ ಒಂದು ಉದ್ಯೋಗ. ಚೆಕ್‌ರೋಲ್ ತರಹ ಗೋಡೆಯ ಮೇಲೆ ಹಾಳೆ ಅಂಟಿಸಿ ನನಗೆ ನಾನೇ ಹಾಜರಿ ಹಾಕಿಕೊಂಡೆ.

ಆದರೆ ನಾಲ್ಕು ಸ್ಟಾರ್‌ನಲ್ಲಿ ಎರಡು ಆ ಕೌನ್ಸಿಲರ್ ಮೇಡಂಗೆ. ನನ್ನ ತಂಗಿಗಿಂತ ಚಿಕ್ಕವರು. ಮೊದಲ ದಿನ ನಾನು ಸ್ವಲ್ಪ ಉಡಾಫೆಯಾಗಿಯೇ ಕೇಳಿದೆ, ನೀವು ಡಾಕ್ಟರ್ ಅಲ್ಲ, ಸುಮ್ನೆ ಮಾತಾಡಿದರೆ ಕುಡಿತ ಹೋಗುತ್ತದಾ? ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಗೋವಾದಲ್ಲಿ ನಡೆದ ಒಂದು ಅಧ್ಯಯನದ ಬಗ್ಗೆ ಹೇಳಿದರು, 2017ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಡಾಕ್ಟರ್ ಅಲ್ಲದ, ಊರಿನವರೇ ಆದ ಜನಕ್ಕೆ ತರಬೇತಿ ಕೊಟ್ಟು, ಕುಡಿಯುವ ಗಂಡಸರ ಜೊತೆ ಕೆಲವೇ ಸಲ ಕೂತು ಮಾತಾಡಿಸಿದರು. ಮೂರು ತಿಂಗಳಾದ ಮೇಲೆ ಮಾತಾಡಿಸಿದವರಲ್ಲಿ 36 ಪರ್ಸೆಂಟ್ ಜನ ಅಪಾಯದ ಮಟ್ಟದಿಂದ ಹೊರಗೆ ಬಂದಿದ್ದರು, ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ 26. ಹಿಂದಿನ ಹದಿನಾಲ್ಕು ದಿನ ಪೂರ್ತಿ ಕುಡಿಯದೆ ಇದ್ದವರು 42 ಪರ್ಸೆಂಟ್, ಆ ಕಡೆ 18. "ನೂರಕ್ಕೆ ನೂರು ಅಂತ ಹೇಳಿದರೆ ನಂಬಬೇಡಿ ಅಣ್ಣ" ಅಂದರು. ಮತ್ತೆ ಅವರೇ ಸೇರಿಸಿದರು, ಆ ಅಧ್ಯಯನ ಆಡಿಟ್‌ನಲ್ಲಿ 12ರಿಂದ 19 ಅಂಕ ಬಂದವರ ಮೇಲೆ, ನಿಮ್ಮದು 31, ಅದಕ್ಕೇ ನಿಮಗೆ ಮಾತೂ ಬೇಕು, ಮಾತ್ರೆಯೂ ಬೇಕು. ಈ ಪ್ರಾಮಾಣಿಕತೆ ನನಗೆ ಇಷ್ಟವಾಯಿತು. ಪುಡಿ ಡಬ್ಬಿಯ ಮೇಲೆ ನೂರು ಪರ್ಸೆಂಟ್ ಗ್ಯಾರಂಟಿ ಅಂತ ಇತ್ತು.

ಮಾತು ಅಂದರೆ ಉಪದೇಶ ಅಂದುಕೊಂಡಿದ್ದೆ, ಅಲ್ಲ. ಅದೂ ಲೆಕ್ಕ ಬರೆಯುವ ಕೆಲಸವೇ. ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿದ್ದಾಗ, ಯಾರ ಜೊತೆ ಆಸೆ ಬಂತು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆಯಬೇಕು. ಎರಡು ವಾರಕ್ಕೆ ನೋಡಿದರೆ ನಕ್ಷೆ ಬರೆದ ಹಾಗೆ ಕಾಣುತ್ತಿತ್ತು. ಬಟವಾಡೆ ದಿನ ಸಂಜೆ ಐದೂವರೆ, ಕಣದಿಂದ ಮನೆಗೆ ಹೋಗುವ ದಾರಿಯ ವೈನ್ ಶಾಪ್, ಹೊಟ್ಟೆ ಖಾಲಿ, ಜೇಬಲ್ಲಿ ಕ್ಯಾಶ್. ನಾಲ್ಕೂ ಕೂಡಿದಾಗ ಮಾತ್ರ ತಡೆಯಲು ಆಗುತ್ತಿರಲಿಲ್ಲ. ಹಾಗಾದರೆ ನಾಲ್ಕರಲ್ಲಿ ಎರಡನ್ನು ಕಿತ್ತು ಹಾಕೋಣ ಅಂದರು. ನಾಲ್ಕೂವರೆಗೆ ಹೊಟ್ಟೆ ತುಂಬಾ ತಿನ್ನುವುದು, ಸಂಬಳ ಹೆಂಡತಿಯ ಬ್ಯಾಂಕ್ ಖಾತೆಗೆ. ಸಾಹುಕಾರರನ್ನು ಕೇಳಲು ನಾಚಿಕೆಯಾಯಿತು, ಕೇಳಿದೆ, ಅವರು ಒಂದು ಮಾತೂ ಆಡದೆ ಒಪ್ಪಿದರು. ಆಸೆ ಬಂದರೆ ಅದು ಅಲೆ ತರಹ, ಇಪ್ಪತ್ತು ಮೂವತ್ತು ನಿಮಿಷದಲ್ಲಿ ಇಳಿಯುತ್ತದೆ, ಅಷ್ಟು ಹೊತ್ತು ಕೈಗೆ ಕೆಲಸ ಕೊಡಿ ಅಂದರು. ನಮ್ಮ ಮನೆಯ ಸುತ್ತ ಇರುವಷ್ಟು ಒಡೆದ ಸೌದೆ ಇಡೀ ಊರಿನಲ್ಲಿ ಇಲ್ಲ.

ಹುತ್ತರಿಗೆ ಜಾರಿದೆ. ಕದಿರು ತಂದು, ಊಟ ಆಗಿ, ಯಾರೋ ಕೈಗೆ ಗ್ಲಾಸ್ ಇಟ್ಟರು, ಒಂದೇ ಅಂದುಕೊಂಡೆ. ಎರಡು ದಿನ ಕುಡಿದೆ. ಮೂರನೇ ದಿನ ಕೌನ್ಸಿಲರ್ ಮೇಡಂ ಫೋನ್ ಮಾಡಿದರು, ಹಬ್ಬ ಆದ ಮೇಲೆ ಮಾಡುತ್ತೇನೆ ಅಂತ ಮೊದಲೇ ಹೇಳಿದ್ದರು. ನಾನು ಎತ್ತಲಿಲ್ಲ. ಮತ್ತೆ ಮಾಡಿದರು. ಎತ್ತಿ ಸುಳ್ಳು ಹೇಳಿದೆ. ಅವರು "ಸರಿ ಅಣ್ಣ, ಗುರುವಾರ ಬನ್ನಿ, ಕುಡಿದಿದ್ದರೂ ಬನ್ನಿ" ಅಂದರು. ಹೋದೆ, ಬೈಗುಳ ಕೇಳಲು ಸಿದ್ಧವಾಗಿ. ಡಾಕ್ಟರ್ ಕೇಳಿದ್ದು ಮೂರೇ ಪ್ರಶ್ನೆ. ಎಷ್ಟು, ಎಷ್ಟು ದಿನ, ನಡುಕ ಇದೆಯಾ. ಆಮೇಲೆ ನೋಟ್‌ಬುಕ್ ತೆಗೆಸಿ ಹುತ್ತರಿ ಅಂತ ಒಂದು ಹೊಸ ಸಾಲು ಬರೆಸಿದರು. ಬಿಪಿ, ಶುಗರ್ ಇದ್ದವರಿಗೆ ಒಮ್ಮೆ ಏರಿದರೆ ನಾವು ಹೊಡೆಯುತ್ತೇವಾ, ಮಾತ್ರೆ ನೋಡುತ್ತೇವೆ, ಇದೂ ಹಾಗೇ ಅಂದರು. ನಾನು ಹೊರಗೆ ಬಂದು ಆಸ್ಪತ್ರೆ ಹಿಂದಿನ ಸೈಕಲ್ ಸ್ಟ್ಯಾಂಡ್‌ನಲ್ಲಿ ಅತ್ತೆ. ಅದಾದ ಮೇಲೆ ಇವತ್ತಿನವರೆಗೆ ಕುಡಿದಿಲ್ಲ.

ಎಎ, ಅಂದರೆ ಆಲ್ಕೋಹಾಲಿಕ್ಸ್ ಅನಾನಿಮಸ್ ಮೀಟಿಂಗಿಗೂ ಹೋಗುತ್ತೇನೆ, ಬಸ್ಸಿನಲ್ಲಿ ಒಂದು ಗಂಟೆ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಶುರು ಮಾಡಿದ್ದು, ಫೀಸ್ ಇಲ್ಲ, ಹೆಸರು ಕೇಳುವುದಿಲ್ಲ. ಕುಡಿಯದೆ ಉಳಿಯುವುದಕ್ಕೆ ಇದು ಬೇರೆ ಚಿಕಿತ್ಸೆಗಳಷ್ಟೇ, ಕೆಲವು ಸಲ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ 2020ರಲ್ಲಿ 27 ಅಧ್ಯಯನ ಒಟ್ಟಿಗೆ ಇಟ್ಟು ನೋಡಿದ ಕಾಕ್ರೇನ್ ಅನ್ನುವ ವೈದ್ಯಕೀಯ ಸಂಶೋಧನಾ ಸಂಸ್ಥೆಯ ವರದಿ ಹೇಳಿದೆ. ನನಗೆ ಅಲ್ಲಿನ ಟೀ ಇಷ್ಟ. ದೇವರ ಮಾತು ಸ್ವಲ್ಪ ಜಾಸ್ತಿ, ಅದು ನನಗೆ ಅಷ್ಟಕ್ಕಷ್ಟೆ. ಊರಲ್ಲಿ ನಡೆಯುವ ಎಂಟು ದಿನದ ಮದ್ಯವರ್ಜನ ಶಿಬಿರದಿಂದ ಬಿಟ್ಟವರೂ ನನಗೆ ಗೊತ್ತು. ಶಿಬಿರಕ್ಕೆ ಮುಂಚೆ ಒಮ್ಮೆ ಡಾಕ್ಟರಿಗೆ ತೋರಿಸಿ, ಅಷ್ಟೇ, ಆ ಮೂರನೇ ರಾತ್ರಿ ನೆನಪಿರಲಿ.

ಈಗ ಆ ಒಂದು ಸ್ಟಾರ್ ಯಾಕೆ ಕಳೆದೆ ಅಂತ.

ಮಾತ್ರೆ. ಹದಿನಾಲ್ಕು ತಿಂಗಳಲ್ಲಿ ನಾಲ್ಕು ಸಲ ಅಕಾಂಪ್ರೊಸೇಟ್ ಸ್ಟಾಕ್ ಇರಲಿಲ್ಲ. ಹೊರಗೆ ತಗೊಂಡರೆ ತಿಂಗಳ ಮಾತ್ರೆಗೆ ಆಗುವ ದುಡ್ಡು ನನಗೆ ಭಾರ, ತೋಟದ ಲೈನ್ ಮನೆಯ ಕೂಲಿಯವರಿಗಂತೂ ಕನಸು. ಒಂದು ಕ್ವಾರ್ಟರ್ ಯಾವತ್ತಾದರೂ ಔಟ್ ಆಫ್ ಸ್ಟಾಕ್ ಆಗಿದ್ದು ನೋಡಿದ್ದೀರಾ? ಡಾಕ್ಟರ್ ಸಿಗುವುದು ನಿಗದಿ ದಿನ ಮಾತ್ರ, ಆ ದಿನ ರಜೆ ಬಂದರೆ ಇನ್ನೊಂದು ವಾರ ಕಾಯಬೇಕು. ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ "ಮಾನಸಿಕ ರೋಗ ವಿಭಾಗ" ಅನ್ನುವ ಬೋರ್ಡ್, ಎದುರಿಗೇ ಔಷಧಿ ಕೌಂಟರ್, ಊರಿನವರೆಲ್ಲ ಅಲ್ಲೇ ನಿಂತಿರುತ್ತಾರೆ. ನಮ್ಮ ಪಕ್ಕದ ತೋಟದ ಎರವ ಬುಡಕಟ್ಟಿನ ಹೆಂಗಸು ಒಬ್ಬಳು ತಾನಾಗಿಯೇ ಬಂದಿದ್ದಳು. ಸಾಲಿನಲ್ಲಿ ಬರೀ ಗಂಡಸರು, ಯಾರೋ ಅವಳ ಕಡೆ ನೋಡಿ ನಕ್ಕರು, ಒಳಗೆ ಅವಳ ಭಾಷೆ ಬಲ್ಲವರೂ ಇರಲಿಲ್ಲ. ಅರ್ಧ ಗಂಟೆ ನಿಂತು ಹೊರಟುಹೋದಳು. ನಾನು ಹಿಂದೆ ಹೋಗಿ ಕರೆಯಲಿಲ್ಲ. 2019ರಲ್ಲಿ ಹೊರಬಂದ, ದೆಹಲಿಯ ಏಮ್ಸ್ ಕೇಂದ್ರ ಸರ್ಕಾರಕ್ಕಾಗಿ ಮಾಡಿದ ಸಮೀಕ್ಷೆಯಲ್ಲಿ ಮದ್ಯದ ಚಟಕ್ಕೆ ಬಿದ್ದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಗುತ್ತದೆ ಅಂತ ಇದೆ. ಆ ಒಬ್ಬ ನಾನು. ಬಾಗಿಲವರೆಗೆ ಬಂದು ವಾಪಸ್ ಹೋದವಳು ಉಳಿದ 37ರಲ್ಲಿ ಸೇರಿದಳು.

ಹೋಗುವವರಿಗೆ: ಬೆಳಿಗ್ಗೆ ಎಂಟೂವರೆಗೆ ಚೀಟಿ ಮಾಡಿಸಿದರೆ ಹನ್ನೊಂದರೊಳಗೆ ಮುಗಿಯುತ್ತದೆ. ಆಧಾರ್, ಹಳೇ ಸ್ಕ್ಯಾನಿಂಗ್ ರಿಪೋರ್ಟ್ ಇದ್ದರೆ ತನ್ನಿ. ಮನೆಯವರೊಬ್ಬರು ಜೊತೆಗಿರಲಿ. ಕೊನೆಯ ಸಲ ಎಷ್ಟು ಗಂಟೆಗೆ ಕುಡಿದಿರಿ ಅಂತ ಸುಳ್ಳು ಹೇಳಬೇಡಿ, ಮಾತ್ರೆಯ ಲೆಕ್ಕ ಅದರ ಮೇಲೆಯೇ. ಕ್ಯಾಂಟೀನ್ ಕಾಫಿ ಕುಡಿಯಬೇಡಿ, ಕಾಫಿ ಬೆಳೆಯುವ ಊರಲ್ಲಿ ಅಂಥ ಕಾಫಿ ಮಾಡುವುದಕ್ಕೂ ಧೈರ್ಯ ಬೇಕು.

ಮೊನ್ನೆ ಸಾಹುಕಾರರು ಚೆಕ್‌ರೋಲ್ ತಿರುವಿ ನೋಡಿದರು. ಏನೂ ಹೇಳಲಿಲ್ಲ, ಸಹಿ ಹಾಕಿ ಕೊಟ್ಟರು. ನನ್ನ ಮುಂದಿನ ತಾರೀಖು ಬರುವ ಗುರುವಾರ. ಮಾತ್ರೆ ಬಂದಿದ್ದರೆ ಇದರ ಕೆಳಗೇ ಹಾಕುತ್ತೇನೆ.